ಗೋಂಕರು ಕಪ್ಪೆ ತಿಂದದ್ದು

ಹುಚ್ಚಯ್ಯ ಹಾಸನದ ಒಂದು ಖಾಸಗಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಅಟೆಂಡರಾಗಿ ಸೇರಿದ್ದು ಐವತ್ತೇಳನೆಯ ಇಸವಿಯಲ್ಲಿ. ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಜೂನ್‌ನಲ್ಲೂ ಆಡಳಿತ ಮಂಡಳಿಯವರು ಇನ್ನೊಂದು ವರ್ಷಕ್ಕೆ ಎಂದು ಕಾಗದ ಕೊಡುತ್ತಿದ್ದರು. ಅವನು ಅರಕಲಗೂಡು ತಾಲ್ಲೂಕಿನ ಮುದ್ದನಕೊಪ್ಪಲಿನವನು. ಅಲ್ಲಿನ ಕೇರಿಯಲ್ಲಿ ಲೋವರ್ ಸೆಕೆಂಡರಿ ಪಾಸು ಮಾಡಿದವನು ಆಗ ಅವನೊಬ್ಬನೇ. ಅಕ್ಷರವನ್ನು ದುಂಡಗೆ, ಒಂದಕ್ಕೊಂದು ತಾಗದ ಹಾಗೆ ಬರೆಯುತ್ತಿದ್ದ. ಶೀಷೆಗಳಿಗೆ ಚೀಟಿ ಬರೆದು ಅಂಟಿಸುವ ಕೆಲಸ ಅದರಿಂದಲೇ ಅವನ ಪಾಲಿಗೆ ಬಂತು. ಆ ಕೆಲಸವೆಂದರೆ ಅವನಿಗೆ ಪ್ರಾಣ. ಪೊರಕೆ ಹಿಡಿದ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದುಕೊಂಡ ಮೇಲೆಯೇ ಪೆನ್ನು ಮುಟ್ಟುತ್ತಿದ್ದ.

ವಿಭಾಗದ ಲೆಕ್ಚರರ್ ತಿಮ್ಮಪ್ಪ, ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿಯ ದೊಡ್ಡ ಜಮೀನುದಾರರ ಮಗ. ಎಂ.ಎಸ್ಸಿ. ಮುಗಿಸಿ ಬಂದಿದ್ದರು, ಡಾಕ್ಟರೇಟ್ ಆಗಬೇಕಿತ್ತು. ಒಂದೇ ಕಾಡಿನಲ್ಲಿ, ಒಂದೇ ನೀರಿನ ಸುತ್ತ ಬದುಕುವ ಬೇರೆ ಬೇರೆ ಜಾತಿಯ ಕಪ್ಪೆಗಳು ಏನೇನು ತಿನ್ನುತ್ತವೆ ಎಂಬುದನ್ನು ಅವರು ಅಧ್ಯಯನಕ್ಕೆ ಆರಿಸಿಕೊಂಡಿದ್ದರು. ಅಂಥ ಜಾಗ ಎಲ್ಲಿದೆ ಎಂದು ಹುಡುಕುತ್ತಿದ್ದಾಗ ಹುಚ್ಚಯ್ಯನೇ ಬಾಯಿಬಿಟ್ಟ.

"ನಮ್ಮೂರಿನ ಬಡಗಣ ಕಾಡಲ್ಲಿ ಒಂದು ಮಡು ಐತೆ ಸಾ. ನಾಕು ತರದ ಕಪ್ಪೆ ಅಲ್ಲೇ ಇರ್ತವೆ."

ಊರಿನ ಬಡಗು ದಿಕ್ಕಿಗೆ ಒಂದು ಮೈಲಿ ನಡೆದರೆ ಆ ಕಾಡು. ಹೊಂಗೆ, ಮತ್ತಿ, ಬಿದಿರು. ನಡುವೆ ಬಂಡೆಗಳ ತಗ್ಗಿನಲ್ಲಿ ನಿಂತ ನೀರು. ತಿಮ್ಮಪ್ಪನವರು ಒಂದು ಭಾನುವಾರ ರುದ್ರಪಟ್ಟಣದ ಬಸ್ಸಿನಲ್ಲಿ ಬಂದು ನೋಡಿದರು. ನೋಡಿದ ತಕ್ಷಣವೇ ಷರಾಯಿ ಮಡಚಿಕೊಂಡು ನೀರಿಗಿಳಿದರು.

ಐವತ್ತೊಂಬತ್ತರ ಮುಂಗಾರಿನಿಂದ ಕೆಲಸ ಶುರುವಾಯಿತು. ತಿಂಗಳಿಗೆ ಎರಡು ಭಾನುವಾರ. ಶನಿವಾರ ಸಂಜೆ ಬಂದು ತಿಮ್ಮಪ್ಪನವರು ಪಟೇಲರ ಮನೆಯಲ್ಲಿ ಉಳಿಯುತ್ತಿದ್ದರು, ಹುಚ್ಚಯ್ಯ ಕೇರಿಯಲ್ಲಿ ತನ್ನ ತಾಯಿ ಮಾಯಮ್ಮನ ಮನೆಯಲ್ಲಿ. ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಮಡುವಿನ ಹತ್ತಿರ ಸೇರುತ್ತಿದ್ದರು. ಕಪ್ಪೆ ಹಿಡಿಯುವವನು ಹುಚ್ಚಯ್ಯ. ತಕ್ಕಡಿಯಲ್ಲಿಟ್ಟು ಗ್ರಾಂ ಲೆಕ್ಕದಲ್ಲಿ ತೂಗುವವನು, ಹೊಟ್ಟೆ ಸೀಳಿ ಒಳಗಿದ್ದುದನ್ನು ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಹರವುವವನು, ಇರುವೆಯ ತಲೆ ಎಷ್ಟು, ಏಡಿಯ ಕಾಲು ಎಷ್ಟು ಎಂದು ಎಣಿಸಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯುವವನು ಹುಚ್ಚಯ್ಯ. ತಿಮ್ಮಪ್ಪನವರು ಪಕ್ಕದ ಬಂಡೆಯ ಮೇಲೆ ಕುಳಿತು ಅದನ್ನು ಇಂಗ್ಲಿಷಿಗೆ ಇಳಿಸಿಕೊಳ್ಳುತ್ತಿದ್ದರು.

ಮೊದಲ ಮಳೆಗಾಲ ಕಳೆಯುವುದರೊಳಗೆ ಒಂದು ಚಿತ್ರ ಕಾಣತೊಡಗಿತು. ಒಣಗಿದ ಎಲೆಯ ನಡುವೆ ಕೂರುವ ನೆಲಗಪ್ಪೆಯ ಹೊಟ್ಟೆಯಲ್ಲಿ ಬರೀ ಇರುವೆ, ಗೆದ್ದಲು. ಹೊಂಗೆಯ ಕೊಂಬೆಗೆ ಅಂಟಿಕೊಳ್ಳುವ ಮರಗಪ್ಪೆಯಲ್ಲಿ ಪತಂಗ, ಚಿಮ್ಮಂಡೆ. ನೀರಿನ ಮೇಲೆಯೇ ತೇಲುವ ಪುಟ್ಟ ನೀರುಗಪ್ಪೆಯಲ್ಲಿ ಸೊಳ್ಳೆಮರಿ, ನೀರುಹುಳ. ದಡದ ಕೆಸರಿನಲ್ಲಿ ಹೂತುಕೊಂಡು ಕೂರುವ, ಬೊಗಸೆ ತುಂಬುವಷ್ಟು ದೊಡ್ಡದಾದ ಹಸಿರು ಗೋಂಕರು ಕಪ್ಪೆಯಲ್ಲಿ ಏಡಿ, ದಪ್ಪ ದುಂಬಿ, ಎರೆಹುಳ. ಒಬ್ಬರ ಅನ್ನಕ್ಕೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ.

ತಿಮ್ಮಪ್ಪನವರಿಗೆ ಈ ಮಾತು ಬಹಳ ಹಿಡಿಸಿತು. ತರಗತಿಯಲ್ಲಿ ಹೇಳಿದರು, ಊರ ಹಿರಿಯರ ಸಭೆಯಲ್ಲಿ ಹೇಳಿದರು. ಪಟೇಲರ ಜಗಲಿಯ ಮೇಲೆ ಕುಳಿತು, ಅಂಗಳದಲ್ಲಿ ನಿಂತಿದ್ದ ಹುಚ್ಚಯ್ಯನ ಕಡೆ ಕೈ ತೋರಿಸಿ, "ನೋಡಿ, ನಾವಿಬ್ಬರೂ ಕಂಡುಹಿಡಿದಿದೀವಿ. ಹಂಚಿಕೊಂಡು ಬದುಕೋದನ್ನ ಮನುಷ್ಯ ಕಪ್ಪೆಯಿಂದ ಕಲೀಬೇಕು" ಎಂದರು. ಹುಚ್ಚಯ್ಯನಿಗೆ ಆ 'ನಾವಿಬ್ಬರೂ' ಎಂಬ ಮಾತು ಎಷ್ಟೋ ದಿನ ಕಿವಿಯಲ್ಲಿ ಉಳಿಯಿತು. ಹೆಂಡತಿ ಮಲ್ಲಿಗಮ್ಮನಿಗೆ ಅದನ್ನು ಮೂರು ಸಲ ಹೇಳಿದ್ದ.

ಏಡಿ ಹಿಡಿಯಲು, ಸೊಪ್ಪು ಕೀಳಲು ಮಡುವಿಗೆ ಬರುತ್ತಿದ್ದ ಮಾಯಮ್ಮ ಮಾತ್ರ ಒಂದು ದಿನ ನಿಂತು ಕೇಳಿಸಿಕೊಂಡು ನಕ್ಕುಬಿಟ್ಟಳು.

"ಮಳೆಗಾಲ್ದಲ್ಲಿ ಎಲ್ಲಾರೂ ಒಳ್ಳೇವ್ರೇ ಬುದ್ಧಿ. ಬ್ಯಾಸ್ಗೇಲಿ ಬಂದು ನೋಡಿ. ನೀರು ಇಂಗಿದ್ ಮ್ಯಾಲೆ ಗೋಂಕರು ಕಪ್ಪೆ ಚಿಕ್ಕವನ್ನ ಬುಡಾಕಿಲ್ಲ."

"ನಿಮ್ಮವ್ವ ನನಗೇ ಪಾಠ ಹೇಳ್ತಾಳಲ್ಲೋ" ಎಂದು ತಿಮ್ಮಪ್ಪನವರೂ ನಕ್ಕರು. ಅರವತ್ತರ ಬೇಸಿಗೆಯಲ್ಲಿ ಏಪ್ರಿಲ್‌ಗೇ ಮಳೆ ಬಿದ್ದು ಮಡು ತುಂಬಿಯೇ ಇತ್ತು. ಕಪ್ಪೆಗಳೂ ಮೊದಲಿನ ಹಾಗೆಯೇ ತಿಂದುಕೊಂಡಿದ್ದವು. ಮಾಯಮ್ಮನ ಮಾತು ಅಲ್ಲಿಗೆ ಮರೆತುಹೋಯಿತು.

ಅರವತ್ತೊಂದರ ಮಾರ್ಚ್ ಕೊನೆಗೆ ಪ್ರಬಂಧದ ಹೆಚ್ಚಿನ ಭಾಗ ಟೈಪಾಗಿ ಬಂದಿತ್ತು. ಎರಡು ವರ್ಷ ತುಂಬಿಸಲು ಬೇಸಿಗೆಯ ಎರಡು ತಿಂಗಳ ಅಂಕಿಗಳಷ್ಟೇ ಬಾಕಿ. ಏಪ್ರಿಲ್ ಮೇ ತಿಂಗಳಲ್ಲಿ ದಂಡಿಗನಹಳ್ಳಿಯಲ್ಲಿ ತಂಗಿಯ ಮದುವೆ ಇದ್ದುದರಿಂದ ತಿಮ್ಮಪ್ಪನವರು ಬರಲಿಲ್ಲ. "ನೀನೇ ಹೋಗಿ ಮುಗಿಸಿಬಿಡಯ್ಯ. ಹೊಸದೇನಿರುತ್ತೆ?" ಎಂದು ಹುಚ್ಚಯ್ಯನೊಬ್ಬನನ್ನೇ ಕಳಿಸಿದರು.

ಆ ವರ್ಷ ಮುಂಗಾರಿಗೆ ಮುಂಚಿನ ಮಳೆ ಒಂದು ಹನಿಯೂ ಬೀಳಲಿಲ್ಲ. ಮಡು ಇಂಗಿ ಇಂಗಿ ಎರಡು ಚಾಪೆ ಹಾಸಿದಷ್ಟಕ್ಕೆ ಬಂದಿತ್ತು. ಆ ಕೆಸರುನೀರಿನ ಸುತ್ತ ನಾಲ್ಕು ಜಾತಿಯ ಕಪ್ಪೆಗಳೂ ಒತ್ತೊತ್ತಾಗಿ ಕುಳಿತಿದ್ದವು. ಹುಚ್ಚಯ್ಯ ಒಂದು ಗೋಂಕರು ಕಪ್ಪೆಯ ಹೊಟ್ಟೆ ಸೀಳಿದ. ಒಳಗಿನಿಂದ ಒಂದು ಇಡೀ ನೀರುಗಪ್ಪೆ, ಕೈಕಾಲು ಮಡಚಿಕೊಂಡು, ಮಲಗಿದ ಮಗುವಿನ ಹಾಗೆ ತಟ್ಟೆಯ ಮೇಲೆ ಜಾರಿತು. ಎರಡನೆಯದರಲ್ಲಿ ಮರಗಪ್ಪೆ. ಮೂರನೆಯದರಲ್ಲಿ ಗೋಂಕರಿನದೇ ಮರಿ.

ಎರಡು ತಿಂಗಳಲ್ಲಿ ಇಪ್ಪತ್ತೆರಡು ಗೋಂಕರು ಕಪ್ಪೆ ನೋಡಿದ. ಹದಿನೇಳರ ಹೊಟ್ಟೆಯಲ್ಲಿ ಕಪ್ಪೆಗಳೇ ಇದ್ದವು. ಹಾಗೆ ತಿಂದು ಅವು ಮಳೆಗಾಲಕ್ಕಿಂತ ದಪ್ಪವಾಗಿದ್ದವು. ಹುಚ್ಚಯ್ಯ ಎಲ್ಲವನ್ನೂ ತೂಗಿ ಬರೆದುಕೊಂಡ. ಹೊಟ್ಟೆಯಿಂದ ತೆಗೆದವುಗಳನ್ನು ಒಂದು ದೊಡ್ಡ ಶೀಷೆಯಲ್ಲಿ ಫಾರ್ಮಲಿನ್ ತುಂಬಿ ಇಟ್ಟ. ತಾರೀಖು, ಜಾಗ, ಸಂಖ್ಯೆ ಬರೆದು ಚೀಟಿ ಅಂಟಿಸಿದ. ತನ್ನ ಕೈಯಿಂದ ಒಂದು ಹೊಸ ಸಂಗತಿ ಹೊರಬಿತ್ತು ಎಂಬ ಹಿಗ್ಗಿನಲ್ಲಿ, ಬಸ್ಸಿನ ದಾರಿಯುದ್ದಕ್ಕೂ ಆ ಶೀಷೆಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಹಾಸನಕ್ಕೆ ಬಂದ. ಒಂದು ಕಡೆ ಬಸ್ಸು ಕುಲುಕಿ ಅದರ ಕತ್ತು ಮುಂದಿನ ಕಂಬಿಗೆ ತಗುಲಿತು.

ತಿಮ್ಮಪ್ಪನವರು ಶೀಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಪುಸ್ತಕ ತಿರುವಿದರು.

"ಬೇರೆ ಯಾರಿಗಾದ್ರೂ ತೋರಿಸಿದೀಯಾ?"

"ಇಲ್ಲ ಸಾ. ನಮ್ಮವ್ವ ಏಳಿದ್ದು ದಿಟ ಆಯ್ತು ಸಾ."

"ನಿಮ್ಮವ್ವ ಏನು ಪರೀಕ್ಷಕಳೇನಯ್ಯ?" ಅವರ ದನಿ ಏರಿತು. ಆಮೇಲೆ ಇಳಿಯಿತು. "ನೋಡು ಹುಚ್ಚಯ್ಯ. ಮುನ್ನೂರು ಪುಟ ಟೈಪಾಗಿದೆ. ಒಂದೇ ನೀರಲ್ಲಿ ಹೊಂದಿಕೊಂಡು ಬಾಳ್ತವೆ ಅಂತ ಪುಟಪುಟಕ್ಕೂ ಬರೆದಿದೀನಿ. ಒಂದು ಕೆಟ್ಟ ಬೇಸಿಗೆಗೋಸ್ಕರ ಅದನ್ನೆಲ್ಲಾ ಸುಡಲಾ?"

ಹುಚ್ಚಯ್ಯ ಮೇಜಿನ ಮೇಲಿದ್ದ ಶೀಷೆಯನ್ನು ತನ್ನ ಕಡೆಗೆ ಸರಿಸಿಕೊಂಡ.

"ಆ ಎರಡು ತಿಂಗಳ ಹಾಳೆ ತೆಗೆದು ಬೇರೆ ಬರಿ. ಹೊಟ್ಟೆ ಖಾಲಿ ಇತ್ತು ಅಂತ ಬರಿ. ಬೇಸಿಗೇಲಿ ಎಷ್ಟೋ ಕಪ್ಪೆ ಏನೂ ತಿನ್ನಲ್ಲ, ಅದೇನು ಪೂರಾ ಸುಳ್ಳಲ್ಲ. ಈ ಜೂನ್‌ನಲ್ಲಿ ನಿನ್ನ ಕಾಯಂ ಮಾಡಿಸ್ತೀನಿ. ಅಧ್ಯಕ್ಷರ ಹತ್ರ ಮಾತಾಡಿದೀನಿ."

ಹುಚ್ಚಯ್ಯ ಅವತ್ತು ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಮಲ್ಲಿಗಮ್ಮ ಎರಡನೆಯ ಹೆರಿಗೆಗೆ ದಿನ ತುಂಬಿಕೊಂಡಿದ್ದಳು. ಜೂನ್ ಬಂತೆಂದರೆ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂದು ಗಂಡ ಹೆಂಡತಿ ಇಬ್ಬರಿಗೂ ನಿದ್ದೆ ಬರುತ್ತಿರಲಿಲ್ಲ. ಅವನು ಪ್ರಯೋಗಶಾಲೆಯ ಮೂಲೆಯ ಮೇಜಿನಲ್ಲಿ ಕುಳಿತು ಹೊಸ ಹಾಳೆಗೆ ಗೆರೆ ಎಳೆದ. ಹದಿನೇಳು ಕಡೆ 'ಖಾಲಿ' ಎಂದು ಬರೆದ. ಯಾವ ಅಕ್ಷರವೂ ಸೊಟ್ಟಗಾಗಲಿಲ್ಲ; ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ತೂಕದ ಅಂಕಣವನ್ನು ಮಾತ್ರ ಇದ್ದ ಹಾಗೆಯೇ ನಕಲು ಮಾಡಿದ. ತಿಮ್ಮಪ್ಪನವರು ಅದರ ಬಗ್ಗೆ ಏನೂ ಹೇಳಿರಲಿಲ್ಲ. ಹಳೆಯ ಹಾಳೆಗಳನ್ನು ಅವರೇ ತೆಗೆದುಕೊಂಡರು. ಶೀಷೆಯನ್ನು ಚರಂಡಿಗೆ ಸುರಿ ಎಂದಿದ್ದರು. ಅವನಿಗೆ ಕೈ ಬರಲಿಲ್ಲ. ಬೀರುವಿನ ಹಿಂಭಾಗದಲ್ಲಿ ಹಳೆಯ ಮೂಳೆಗಳ ಪೆಟ್ಟಿಗೆಯ ಹಿಂದೆ ಇಟ್ಟುಬಿಟ್ಟ.

ಆಗಸ್ಟ್‌ನಲ್ಲಿ ಮದರಾಸಿನಿಂದ ಪರೀಕ್ಷಕರು ಬಂದರು. ಮೂಲತಃ ಮೈಸೂರು ಕಡೆಯವರು, ವಯಸ್ಸಾದವರು, ಮೆತ್ತಗೆ ಮಾತಾಡುತ್ತಿದ್ದರು. ಮೂಲ ಪುಸ್ತಕ ನೋಡಬೇಕೆಂದರು. ಕನ್ನಡಕ ಹಣೆಗೇರಿಸಿ, ಬೆರಳಿಟ್ಟು, ಸಾಲುಸಾಲಾಗಿ ಓದಿದರು. ಬೇಸಿಗೆಯ ಹಾಳೆಗೆ ಬಂದಾಗ ಬೆರಳು ನಿಂತಿತು.

"ಎರಡು ತಿಂಗಳು ಹೊಟ್ಟೆ ಖಾಲಿ. ಆದರೆ ತೂಕ ಏರಿದೆಯಲ್ಲ ತಿಮ್ಮಪ್ಪ? ಉಪವಾಸವಿದ್ದು ದಪ್ಪಗಾಗೋದು ಹೇಗೆ?"

ಕಾಫಿ ಲೋಟ ತೆಗೆದುಕೊಳ್ಳಲು ಬಂದಿದ್ದ ಹುಚ್ಚಯ್ಯ ಬಾಗಿಲ ಹತ್ತಿರವೇ ನಿಂತ. ತಿಮ್ಮಪ್ಪನವರು ಪುಸ್ತಕವನ್ನು ಬಗ್ಗಿ ನೋಡಿದರು. ನೋಡಿದಂತೆ ಮಾಡಿದರು.

"ಆ ಎರಡು ತಿಂಗಳು ನಾನು ಊರಲ್ಲಿರಲಿಲ್ಲ ಸರ್. ಇದನ್ನ ನಮ್ಮ ಅಟೆಂಡರ್ ಬರೆದದ್ದು. ಕಾಡಿಗೆ ಹೋಗದೇನೇ ಮನೇಲಿ ಕೂತು ಬರೆದುಬಿಟ್ಟಿದಾನೆ ಅಂತ ಕಾಣುತ್ತೆ. ನನಗೆ ಈಗ ಗೊತ್ತಾಗ್ತಿದೆ."

ಪರೀಕ್ಷಕರು ಹುಚ್ಚಯ್ಯನ ಕಡೆ ತಿರುಗಿದರು. "ಇದು ನಿನ್ನ ಅಕ್ಷರವೇನಪ್ಪ?"

"ಔದು ಸಾ."

"ಹೊಟ್ಟೆ ಖಾಲಿ ಇದ್ದದ್ದನ್ನ ನೀನು ಕಣ್ಣಾರೆ ನೋಡಿದೆಯಾ?"

ಶೀಷೆ ಹತ್ತು ಮಾರು ದೂರದಲ್ಲಿತ್ತು. ಬೀರು ತೆಗೆದು ಪೆಟ್ಟಿಗೆ ಸರಿಸಿದರೆ ಸಾಕು. ಹುಚ್ಚಯ್ಯ ತಿಮ್ಮಪ್ಪನವರ ಮುಖ ನೋಡಿದ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕಾಯಂ ಕಾಗದ ಜೂನ್‌ನಲ್ಲಿ ಬಂದಿರಲಿಲ್ಲ. ದಸರಾಕ್ಕೆ ಖಂಡಿತ ಎಂದಿದ್ದರು. ಅವನು ತಲೆ ತಗ್ಗಿಸಿಕೊಂಡ.

ಪರೀಕ್ಷಕರು ಇನ್ನೊಂದು ಸಲ ಕೇಳಿದರು. ಆಮೇಲೆ ಪುಸ್ತಕ ಮುಚ್ಚಿದರು. ಬೇಸಿಗೆಯ ಭಾಗ ಬಿಟ್ಟು ಉಳಿದದ್ದಕ್ಕೆ ಡಾಕ್ಟರೇಟ್ ಕೊಡಬಹುದೆಂದು ಬರೆದು ಹೋದರು.

ಮುಂದಿನ ವಾರ ಆಡಳಿತ ಮಂಡಳಿ ಹುಚ್ಚಯ್ಯನನ್ನು ಕೆಲಸದಿಂದ ತೆಗೆಯಿತು. ಸಂಶೋಧನೆಯ ದಾಖಲೆಯಲ್ಲಿ ಸುಳ್ಳು ಬರೆದ ಕಾರಣಕ್ಕೆ ಎಂದು ಕಾಗದದಲ್ಲಿತ್ತು. ಅದನ್ನು ಓದಿ ಹೇಳಿದ ಸದಸ್ಯರೊಬ್ಬರು, "ಇವರ ಕೈಗೆ ಪೊರಕೆ ಬಿಟ್ಟು ಪೆನ್ನು ಕೊಟ್ಟದ್ದೇ ತಪ್ಪು" ಎಂದರು. ಕೋಣೆಯಲ್ಲಿದ್ದ ಯಾರೂ ಆ ಮಾತಿಗೆ ಬೆಚ್ಚಲಿಲ್ಲ.

ಹುಚ್ಚಯ್ಯ ಕೊನೆಯ ಸಲ ತಿಮ್ಮಪ್ಪನವರ ಕೋಣೆಗೆ ಹೋದ. "ನೀವೇ ಬರೆಯಕ್ ಏಳಿದ್ರಲ್ಲ ಸಾ?"

ಅವರು ಬಾಗಿಲು ಹಾಕಿ ಬಂದರು. ಅವರ ಕಣ್ಣಲ್ಲಿಯೂ ನೀರಿತ್ತು. ಅದನ್ನು ಹುಚ್ಚಯ್ಯ ಮುಂದೆ ಎಂದೂ ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. "ನಿನಗೆ ಎಲ್ಲಾದರೂ ಕೆಲಸ ಸಿಗುತ್ತೆ ಹುಚ್ಚಯ್ಯ. ನನಗಿದ್ದದ್ದು ಇದೊಂದೇ ಅವಕಾಶ ಕಣಯ್ಯ."

ಎಲ್ಲಾದರೂ ಕೆಲಸ ಸಿಗಲಿಲ್ಲ. ಮೂರು ಕಡೆ ಹೋದ; ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದಲ್ಲಿಗೆ ಮಾತು ನಿಲ್ಲುತ್ತಿತ್ತು. ಹಾಸನದ ಬಾಡಿಗೆ ಕೋಣೆ ಬಿಟ್ಟು, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮುದ್ದನಕೊಪ್ಪಲಿಗೆ ಬಂದ. ಮಲ್ಲಿಗಮ್ಮ ಆಲೂಗೆಡ್ಡೆ ಕೀಳುವ ಕೂಲಿಗೆ ಹೋದಳು. ಅವನೂ ಹೋದ. ಎರಡು ವರ್ಷದ ನಂತರ ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ ಕಸ ಗುಡಿಸಿ ಗಂಟೆ ಹೊಡೆಯುವ ದಿನಗೂಲಿ ಸಿಕ್ಕಿತು. ಬೆಳಗ್ಗೆ ಆರು ಮೈಲಿ ನಡೆದು ಹೋಗುತ್ತಿದ್ದ, ಸಂಜೆ ಆರು ಮೈಲಿ ನಡೆದು ಬರುತ್ತಿದ್ದ.

ಅರವತ್ತೈದರಲ್ಲಿ ಆ ಹೈಸ್ಕೂಲಿನವರು ವಿಜ್ಞಾನ ಸಂಘ ತೆರೆದರು. ಉದ್ಘಾಟನೆಗೆ ಡಾಕ್ಟರ್ ತಿಮ್ಮಪ್ಪ ಬರುತ್ತಾರೆಂದು ಹೆಡ್‌ಮಾಸ್ತರು ಹೇಳಿದಾಗ ಹುಚ್ಚಯ್ಯ ರಜೆ ಕೇಳಿದ. "ಕುರ್ಚಿ ಹಾಕೋರು ಯಾರಯ್ಯ?" ಎಂದು ಹೆಡ್‌ಮಾಸ್ತರು ರಜೆ ಕೊಡಲಿಲ್ಲ.

ಕುರ್ಚಿ ಹಾಕಿ ಮುಗಿಸಿ ಅವನು ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ತಿಮ್ಮಪ್ಪನವರಿಗೆ ಸ್ವಲ್ಪ ಹೊಟ್ಟೆ ಬಂದಿತ್ತು. ದನಿ ಮಾತ್ರ ಮೊದಲಿನಂತೆಯೇ ಇಂಪಾಗಿತ್ತು. ಒಂದೇ ಮಡುವಿನ ನಾಲ್ಕು ಜಾತಿ ಕಪ್ಪೆಗಳ ಕಥೆ ಹೇಳಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು.

"ಆದರೆ ವಿಜ್ಞಾನಿ ಆದವನು ತನ್ನ ಮಾತನ್ನ ತಾನೇ ಅನುಮಾನಿಸಬೇಕು" ಎಂದು ಅವರು ಮುಂದುವರಿಸಿದರು. "ನಾನು ಮತ್ತೆ ಬೇಸಿಗೆಯಲ್ಲಿ ಆ ಕಾಡಿಗೆ ಹೋದೆ. ನೀರು ಬತ್ತಿದಾಗ ದೊಡ್ಡ ಕಪ್ಪೆ ಚಿಕ್ಕದನ್ನ ತಿನ್ನುತ್ತೆ ಅನ್ನೋದನ್ನ ಕಂಡೆ. ಇಪ್ಪತ್ತೆರಡರಲ್ಲಿ ಹದಿನೇಳು! ಹೋದ ವರ್ಷ ಇದು ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು." ಚೀಲದಿಂದ ಒಂದು ದೊಡ್ಡ ಶೀಷೆ ತೆಗೆದು ಎತ್ತಿ ಹಿಡಿದರು.

ಶೀಷೆಯ ಕತ್ತಿನಲ್ಲಿ ಒಂದು ಸೀಳು ಇತ್ತು. ಬಸ್ಸಿನಲ್ಲಿ ಬರುವಾಗ ಕಂಬಿಗೆ ತಗುಲಿ ಆದ ಸೀಳು. ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಹೊಸ ಚೀಟಿ ಇತ್ತು.

ಹುಚ್ಚಯ್ಯನಿಗೆ ತಾನು ಮುಂದಕ್ಕೆ ನಡೆದದ್ದು ಗೊತ್ತಾಗಲಿಲ್ಲ. ಮಕ್ಕಳ ಸಾಲಿನ ನಡುವೆ ನಿಂತಿದ್ದ. "ಈ ಚೀಟಿ ಯಾವಾಗ ಅಂಟಿಸಿದ್ರಿ ಸಾ?"

ಸಭೆ ತಿರುಗಿ ನೋಡಿತು. ಹೆಡ್‌ಮಾಸ್ತರು ಎದ್ದು ನಿಂತರು. ತಿಮ್ಮಪ್ಪನವರು ಚೀಟಿ ತಮ್ಮ ಕಡೆ ಬರುವಂತೆ ಶೀಷೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಅವರು ನಕ್ಕರು.

"ಅರೆ, ಹುಚ್ಚಯ್ಯ! ಇವನು ಹಿಂದೆ ನನಗೆ ಕಪ್ಪೆ ಹಿಡಿದುಕೊಡ್ತಾ ಇದ್ದ. ಬಹಳ ಚುರುಕು. ಎಲ್ಲರೂ ಇವನಿಗೊಂದು ಚಪ್ಪಾಳೆ ತಟ್ಟಿ."

ಮಕ್ಕಳು ಚಪ್ಪಾಳೆ ತಟ್ಟಿದರು. ತನ್ನ ಸುತ್ತಲೂ ಆ ಸದ್ದು ಕೇಳುತ್ತಾ ನಿಂತಿದ್ದ ಹುಚ್ಚಯ್ಯನಿಗೆ, ಮಂಡಳಿಯ ಕೋಣೆಯಲ್ಲಿ ಆ ಕಾಗದ ಓದಿದಾಗಲೂ ಆಗದ ಅವಮಾನವಾಯಿತು.

ಸಭೆ ಮುಗಿದ ಮೇಲೆ ಶಾಲೆಯ ಹಿಂದೆ ಕುರ್ಚಿ ಜೋಡಿಸುತ್ತಿದ್ದಾಗ ತಿಮ್ಮಪ್ಪನವರು ಒಬ್ಬರೇ ಬಂದರು.

"ಹೊಳೆನರಸೀಪುರದಲ್ಲಿ ಹೊಸ ಕಾಲೇಜು ತೆಗೀತಿದಾರೆ. ನಾನೇ ಪ್ರಿನ್ಸಿಪಾಲು. ಲ್ಯಾಬಿಗೆ ಬಾ. ಈ ಸಲ ಕಾಯಂ ಆದೇಶ ಕೈಗೆ ಕೊಟ್ಟೇ ಕರೀತೀನಿ."

"ನಾನು ಸುಳ್ಳು ಬರೆದೆ ಅಂತ ಹಾಸನದ ಕಾಲೇಜಿನ ಕಾಗದದಲ್ಲಿ ಐತಲ್ಲ ಸಾ. ಅದನ್ನ ಒಡೆದಾಕಿಸ್ತೀರಾ?"

"ಅದನ್ನೆಲ್ಲಾ ಈಗ ಯಾರು ನೋಡ್ತಾರೆ ಹುಚ್ಚಯ್ಯ?"

"ನಾನು ನೋಡ್ತೀನಲ್ಲ ಸಾ."

ತಿಮ್ಮಪ್ಪನವರು "ಯೋಚನೆ ಮಾಡು" ಎಂದು ಕಾರು ಹತ್ತಿದರು.

ಮನೆಗೆ ಬಂದು ಹೇಳಿದಾಗ ಮಲ್ಲಿಗಮ್ಮ ಒಲೆಯ ಮುಂದೆ ಕುಳಿತಿದ್ದಳು. ಹಿಂದಿರುಗಿ ನೋಡಲಿಲ್ಲ. "ಓಗು ಕಣಯ್ಯ. ಅವನ ಮಕ ನೋಡಕ್ಕಲ್ಲ. ದೊಡ್ಡ ಮಗ್ಳು ಇಸ್ಕೂಲು ಬುಟ್ಟು ಗೆಡ್ಡೆ ಆರಿಸ್ತಾಳೆ, ಚಿಕ್ಕದೂ ಅವಳ ಇಂದೆ ಓಯ್ತದೆ. ನಿನ್ನ ರೋಸ ಇಟ್ಕೊಂಡು ಅವು ಏನ್ ಉಣ್ತಾವೆ?"

ಹುಚ್ಚಯ್ಯ ತಾಯಿಯ ಕಡೆ ನೋಡಿದ. ಮಾಯಮ್ಮನಿಗೆ ಆಗ ಕಣ್ಣು ಮಂದವಾಗಿತ್ತು, ಮಡುವಿನ ಕಡೆ ಹೋಗುತ್ತಿರಲಿಲ್ಲ. ಅವಳಾದರೂ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದ.

"ಮದ್ರಾಸಿನೋರು ಕೇಳ್ದಾಗ ಬಾಯಿ ಬುಡಬೇಕಿತ್ತು ಮಗ. ಅವತ್ತು ನುಂಗ್ಕೊಂಡೆ. ಇದನ್ನೂ ನುಂಗ್ಕೋ" ಎಂದಳು.

ಅರವತ್ತಾರರ ಜೂನ್‌ನಲ್ಲಿ ಹುಚ್ಚಯ್ಯ ಹೊಳೆನರಸೀಪುರಕ್ಕೆ ಹೋದ. ಕಾಯಂ ಆದೇಶ ಕೈಗೆ ಬಂತು. ಆ ಮಾತನ್ನು ತಿಮ್ಮಪ್ಪನವರು ಉಳಿಸಿಕೊಂಡರು. ದೊಡ್ಡ ಮಗಳು ಮತ್ತೆ ಶಾಲೆಗೆ ಸೇರಿದಳು, ಚಿಕ್ಕವಳು ಹೊಸದಾಗಿ. ಮೊದಲ ವಾರವೇ ತಿಮ್ಮಪ್ಪನವರು ಒಂದು ಹೊಸ ದಪ್ಪ ಪುಸ್ತಕ ತಂದು ಅವನ ಮುಂದಿಟ್ಟರು. ಹೇಮಾವತಿ ದಡದ ಕಪ್ಪೆಗಳನ್ನು ನೋಡಬೇಕಿತ್ತು. ತೂಕ, ಆಹಾರ, ಎಲ್ಲ ಮೊದಲಿನ ಹಾಗೆಯೇ.

"ಗೆರೆ ಎಳಿ. ನಿನ್ನ ಅಕ್ಷರದಲ್ಲೇ ಇರಲಿ."

"ನಂಗೆ ಬರೆಯಕ್ ಬರಾಕಿಲ್ಲ ಸಾ."

"ಏನು ತಮಾಷೆ ಮಾಡ್ತೀಯಾ?"

"ಕಪ್ಪೆ ಇಡ್ಕೊಡ್ತೀನಿ. ಒಟ್ಟೆ ಸೀಳ್ಕೊಡ್ತೀನಿ. ಬರೆಯಾದು ಮರ್ತೋಯ್ತು ಸಾ."

ತಿಮ್ಮಪ್ಪನವರು ಗದರಿದರು. ಆಮೇಲೆ ಸಮಾಧಾನ ಹೇಳಿದರು. ಬರೆಯುವುದಕ್ಕೆ ಪ್ರತ್ಯೇಕ ಭತ್ಯೆ ಕೊಡಿಸುತ್ತೇನೆಂದರು. ಹುಚ್ಚಯ್ಯ ಕೈಕಟ್ಟಿ ನಿಂತು, ಮೇಜಿನ ಮೇಲಿನ ಪುಸ್ತಕವನ್ನು ಮುಟ್ಟದೆ, ಕೇಳಿದ್ದಕ್ಕೆಲ್ಲಾ ಅದೊಂದೇ ಉತ್ತರ ಹೇಳಿದ. ಶೀಷೆಗಳಿಗೆ ಚೀಟಿಯನ್ನೂ ಬರೆಯಲಿಲ್ಲ.

ತಿಂಗಳ ಮೊದಲ ತಾರೀಖು ಸಂಬಳದ ಪುಸ್ತಕ ಮುಂದೆ ಬಂದಾಗ, ಗುಮಾಸ್ತ ಪೆನ್ನು ಚಾಚಿದ. ಹುಚ್ಚಯ್ಯ ಅದನ್ನು ತೆಗೆದುಕೊಳ್ಳದೆ ಎಡಗೈ ಮುಂದೆ ಮಾಡಿದ. ಪಕ್ಕದ ಕುರ್ಚಿಯಲ್ಲಿ ತಿಮ್ಮಪ್ಪನವರು ಕುಳಿತಿದ್ದರು. ಗುಮಾಸ್ತ ಅವರ ಮುಖ ನೋಡಿದ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಗುಮಾಸ್ತ ಶಾಯಿಯ ಪ್ಯಾಡನ್ನು ಅವನ ಕಡೆ ತಳ್ಳಿದ. ಹುಚ್ಚಯ್ಯ ಹೆಬ್ಬೆರಳನ್ನು ಶಾಯಿಯಲ್ಲಿ ಚೆನ್ನಾಗಿ ಒತ್ತಿ, ತನ್ನ ಹೆಸರಿನ ಎದುರು ಇಟ್ಟು, ಸಂಬಳ ಎತ್ತಿಕೊಂಡು ಹೊರಗೆ ಹೋದ.